ಕರಡಿ ತೊಗಲಿನ ಕೆಳಗಿನ ಕಿವಿ

"ಅದನ್ನ ತೆಗೆದಿಟ್ಟುಬಿಡಿ ಲೋಥಾರ್ ಅವರೇ. ನಿಯಮ ಎಲ್ಲರಿಗೂ ಒಂದೇ ಅಲ್ವಾ?" ಎಂದ ನಮ್ಮ ಸಂಘದ ರೈಮುಂಡ್. ಮಾತು ಬೆಲ್ಲ, ಕರುಳು ಕತ್ತರಿ.

'ಅದು' ಅಂದರೆ ನಮ್ಮಪ್ಪನ ಕಿವಿಯ ಯಂತ್ರ. ಅದಿಲ್ಲದಿದ್ದರೆ ಪಕ್ಕದಲ್ಲಿ ನಿಂತು ಕಿರುಚಿದರೂ ಅವನಿಗೆ ಅರ್ಧ ಕೇಳಿಸುತ್ತದೆ, ಅರ್ಧ ಇಲ್ಲ.

ನಮ್ಮೂರ ಗುಡ್ಡದಲ್ಲಿ, ಹಳೇ ಅಡಿಪಾಯದ ಮೇಲೆಯೇ ಮತ್ತೆ ಕಟ್ಟಿ ನಿಲ್ಲಿಸಿದ ರೋಮನ್ ಕೋಟೆಯಲ್ಲಿ ಬೇಸಿಗೆಯ ಸಂತೆ ನಡೆಯುವಷ್ಟು ದಿನ ನಾವೆಲ್ಲ ರೋಮನ್ನರ ವೇಷ ತೊಟ್ಟ ಆ ಕಾಲದವರು. ಆಗ ಇಲ್ಲದಿದ್ದದ್ದು ಯಾವುದೂ ಕೂಡದು: ಕೈಗಡಿಯಾರ ಇಲ್ಲ, ಜಿಪ್ ಇಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆಯಂತೂ ಮಹಾಪಾಪ. ಕಾಫಿ ಬೇಕಾದರೆ ಮಣ್ಣಿನ ಲೋಟಕ್ಕೆ ಸುರಿದುಕೊಂಡು ಕಳ್ಳರ ಹಾಗೆ ಕುಡಿಯಬೇಕು. ಈ ವೇಷದ ಸಂಘ ಕಟ್ಟಿದಾಗ ಈ ನಿಯಮಗಳನ್ನೆಲ್ಲ ಮಾಡಿದವನೇ ನಮ್ಮಪ್ಪ. ಕನ್ನಡಕ ಹಾಕಿಕೊಂಡು ಬಂದ ಕಮ್ಮಾರನನ್ನು ಹೆಬ್ಬಾಗಿಲಿನಿಂದಲೇ ವಾಪಸ್ ಅಟ್ಟಿದ ಪುಣ್ಯಾತ್ಮ. ಹಾಗಾಗಿ ಯಂತ್ರ ಬಿಚ್ಚಿ ನನ್ನ ಕೈಗಿಟ್ಟ.

ನಾನು ನನ್ನ ಅಂಗಡಿಯಲ್ಲಿ ಚೀಸ್, ಬೆಳ್ಳುಳ್ಳಿ, ಸೊಪ್ಪು ಹಾಕಿ ಕುಟ್ಟುತ್ತಿದ್ದೆ. ಕುಟ್ಟಾಣಿ ಒಡೆಯುವುದೊಂದು ಬಾಕಿ.

"ರೈಮುಂಡ್, ದಳದ ಧ್ವಜ ಹೊರೋನು ಅಂತ ಅಪ್ಪ ತಲೆ ಮೇಲೆ ಕರಡಿ ತೊಗಲು ಹೊದ್ಕೋತಾನೆ. ಅದರ ಕೆಳಗಿರೋ ಕಿವಿ ಯಾರಿಗೆ ಕಾಣ್ಸತ್ತೆ? ನಿನ್ನ ಬಾಯಲ್ಲಿರೋ ಪಿಂಗಾಣಿ ಹಲ್ಲು ಯಾವ ಚಕ್ರವರ್ತಿ ಕಾಲದ್ದು?"

"ಟಿವಿಯವರು ಬಂದಿದ್ದಾರೆ ಹೈಕೆ. ಗಾಳಿಗೆ ತೊಗಲು ಸರಿದ್ರೆ? ಇನ್ನೊಂದು ಮಾತು. ಇವತ್ತು ಕವಾಯತಲ್ಲಿ ಅವರು ಒಂದು ಆಜ್ಞೆ ತಪ್ಪಿದ್ರೂ ಧ್ವಜ ನನ್ನ ಭಾಮೈದನಿಗೆ. ಸಂಘದಲ್ಲಿ ತೀರ್ಮಾನ ಆಗಿದೆ."

ಕೈಕಾಲು ಕಟ್ಟಿ ನೀರಿಗೆ ತಳ್ಳಿ, ಈಜು ಬರುತ್ತಾ ನೋಡೋಣ ಅಂದ ಹಾಗೆ! ನನ್ನ ಮೈಯೆಲ್ಲ ಉರಿದುಹೋಯಿತು. ಅಮ್ಮ ಹೋದ ಮೇಲೆ ಅಪ್ಪ ಹಾಸಿಗೆ ಬಿಟ್ಟೆದ್ದು ಗಡ್ಡ ಬೋಳಿಸಿಕೊಳ್ಳುವುದೇ ಆ ಧ್ವಜಕ್ಕಾಗಿ. ರೋಮನ್ನರ ಧ್ವಜವೆಂದರೆ ಬಟ್ಟೆಯಲ್ಲ, ಬೆಳ್ಳಿ ಬಿಲ್ಲೆಗಳನ್ನು ಪೋಣಿಸಿದ ಉದ್ದ ಕೋಲು; ಅದನ್ನು ಚಳಿಗಾಲವಿಡೀ ಒರೆಸುತ್ತ ಕೂರುತ್ತಾನೆ. ಅದೂ ಹೋದರೆ ಮೂಲೆ ಹಿಡಿಯುತ್ತಾನೆ, ಮತ್ತೆ ಏಳುವುದಿಲ್ಲ.

"ಪಪ್ಪಾ, ಹಾಕ್ಕೋ ಇದನ್ನ!" ಎಂದು ಅವನ ಕಿವಿಗೆ ಬಾಯಿಟ್ಟು ಕೂಗಿದೆ.

"ನಿಯಮ ಮಾಡಿದ್ದೇ ನಾನು ಕಣೇ. ನನಗೊಂದು, ಊರಿಗೊಂದಾ?" ಎಂದು ಧ್ವಜ ಹೊತ್ತು ಹೊರಟೇಬಿಟ್ಟ. ಅವನ ಮೇಲೂ ಸಿಟ್ಟು ಬಂತು.

ಅಂಗಳದಲ್ಲಿ ಜನವೋ ಜನ. ಧ್ವಜ ನಡೆದರೆ ದಳ ನಡೆಯಬೇಕು, ನಿಂತರೆ ನಿಲ್ಲಬೇಕು. ಯುದ್ಧದ ಗದ್ದಲದಲ್ಲಿ ದಳಪತಿಯ ಗಂಟಲು ಯಾರಿಗೆ ಕೇಳಿಸೀತು, ಕಣ್ಣು ಧ್ವಜದ ಮೇಲಿರಲಿ ಎಂದು ಅಪ್ಪ ಹೊಸಬರ ತಲೆಗೆಲ್ಲ ಮೊದಲ ಪಾಠದಲ್ಲೇ ತುಂಬಿದ್ದಾನೆ. ಈ ಸಲ ರೈಮುಂಡನೇ ದಳಪತಿ. ಮುಂದೆ ನಿಂತು ಬೆತ್ತ ಎತ್ತಿ ಕೂಗಬೇಕಾದವನು ಹಿಂದೆ ಹೋಗಿ ನಿಂತ. ಬೇಕೆಂದೇ. ಅಪ್ಪನಿಗೆ ಬೆತ್ತವೂ ಕಾಣಬಾರದು, ತುಟಿಯೂ ಕಾಣಬಾರದು.

ನಡುವಂಗಳ ಬಂದಾಗ ಲ್ಯಾಟಿನ್‌ನಲ್ಲಿ "ನಿಲ್ಲಿ!" ಎಂದು ಕೂಗಿದ.

ಅಪ್ಪ ನಿಲ್ಲಲಿಲ್ಲ. ಧ್ವಜ ನಿಲ್ಲಲಿಲ್ಲವಾದ್ದರಿಂದ ದಳವೂ ನಿಲ್ಲಲಿಲ್ಲ. "ನಿಲ್ಲಿ! ನಿಲ್ಲೀ!" ಎಂದು ರೈಮುಂಡ್ ಗಂಟಲು ಹರಿದುಕೊಂಡ. ಗುರಾಣಿ, ಈಟಿ ಹೊತ್ತ ಅಷ್ಟೂ ಜನ ಬೇಳೆ ಸಾರಿನ ಅಂಗಡಿ ದಾಟಿ, ಹೆಬ್ಬಾಗಿಲು ದಾಟಿ, ಕಂದಕದ ಸೇತುವೆ ದಾಟಿ ಹೊರಗೆ ಹೋಗಿಯೇಬಿಟ್ಟರು. ಖಾಲಿಯಾದ ನಡುವಂಗಳದಲ್ಲಿ ಟಿವಿ ಕ್ಯಾಮೆರಾ, ಕೆಂಪು ಜುಟ್ಟಿನ ಶಿರಸ್ತ್ರಾಣ ತೊಟ್ಟ ಆ ದಳಪತಿ, ಇಬ್ಬರೇ. ಸುತ್ತ ನಿಂತ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ನಗು ಬರಲಿಲ್ಲ. ಯಂತ್ರವನ್ನು ಮುಷ್ಟಿಯಲ್ಲಿ ಹಿಡಿದು ಓಡಿದೆ. ಕಾರು ನಿಲ್ಲಿಸುವ ಬಯಲಿನಲ್ಲಿ, ನಮ್ಮ ಹಳೇ ಕಾರಿನ ಪಕ್ಕ ಅಪ್ಪ ಧ್ವಜವನ್ನು ನೆಲಕ್ಕೆ ಚುಚ್ಚಿ ನಿಂತಿದ್ದ. ಕಾರುಗಳ ಸಂದಿಯಲ್ಲೆಲ್ಲ ದಳ ನಿಂತಿತ್ತು. ಯಂತ್ರ ಅವನ ಕಿವಿಗೆ ನಾನೇ ಸಿಕ್ಕಿಸಿದೆ.

"ಮುಗೀತು ಪಪ್ಪಾ. ಅವನು ಕೂಗಿದ್ದು ನಿನಗೆ ಕೇಳಿಸ್ಲಿಲ್ಲ. ಧ್ವಜ ಹೋಯ್ತು."

ಅಪ್ಪ ಕರಡಿ ತೊಗಲು ತೆಗೆದು ಬೆವರು ಒರೆಸಿಕೊಂಡ.

"ಕೇಳಿಸ್ತು ಕಣೇ," ಎಂದ. "ಆ ಗಂಟಲು ಸತ್ತೋರಿಗೂ ಕೇಳಿಸತ್ತೆ. ಹಿಂದಿನಿಂದ ಕೂಗೋನ ಮಾತಿಗೆ ನಾನ್ಯಾಕೆ ನಿಲ್ಲಲಿ?"

ಅಷ್ಟರಲ್ಲಿ ರೈಮುಂಡ್ ಏದುಸಿರು ಬಿಡುತ್ತ ಬಂದ. ಮುಖ ಕೆಂಡವಾಗಿತ್ತು.

"ಧ್ವಜ ಕೊಡಿ!"

"ಕಿತ್ಕೊಂಡು ಹೋಗು. ನಾನಾಗಿ ಕೊಡಲ್ಲ."

ರೈಮುಂಡ್ ಕೋಲನ್ನು ಅಲ್ಲಾಡಿಸಿ ಕಿತ್ತ, ಎತ್ತಿ ಹಿಡಿದ, ಕೋಟೆಯ ಕಡೆ ಹೆಜ್ಜೆ ಹಾಕಿದ. ಧ್ವಜ ನಡೆದರೆ ದಳ ನಡೆಯಬೇಕು. ಸೇತುವೆಯವರೆಗೆ ಹೋಗಿ ಹಿಂತಿರುಗಿ ನೋಡಿದ. ಒಬ್ಬರೂ ಕದಲಿರಲಿಲ್ಲ.