ಬಾವಿಯ ದೃಶ್ಯ

ಟೀವಿಯಲ್ಲಿ ಕರಿಕೋಟಿನ ವಕೀಲ ತನ್ನ ಕಕ್ಷಿದಾರ ನಿರಪರಾಧಿ ಎಂದು ಎದೆ ತಟ್ಟಿಕೊಂಡಾಗ ಬೊಮ್ಮಲಿಂಗಪ್ಪ ಜೋರಾಗಿ ನಕ್ಕರು. ಚಳ್ಳಕೆರೆಯಲ್ಲಿ ಕೂದಲು ಹಣ್ಣಾಗುವವರೆಗೆ ವಕೀಲಿಕೆ ಮಾಡಿದವರಿಗೆ ಸಿನಿಮಾದ ವಕೀಲರೆಲ್ಲ ಎಳಸು. ಭಾನುವಾರದ ಆ ಹಳೇ ಕಪ್ಪುಬಿಳುಪು ಚಿತ್ರ ಎತ್ತಿನಗಾಡಿಯಂತೆ ಸಾಗುತ್ತಿತ್ತು. ಅವರು ಮಾತ್ರ ಮುಂದೇನಾಗುತ್ತದೆಂದು ಮೊದಲೇ ಹೇಳುತ್ತಿದ್ದರು. ಅರ್ಧಕ್ಕರ್ಧ ತಪ್ಪುತ್ತಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯುವ ಅಭ್ಯಾಸ ಅವರಿಗಿರಲಿಲ್ಲ.

ಪಕ್ಕದಲ್ಲಿ ಕೂತಿದ್ದವನು ಚಂದ್ರಶೇಖರ್, ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ. ಹೆಂಡತಿಯನ್ನು ತೋಟದ ಬಾವಿಗೆ ತಳ್ಳಿ ಕೊಂದನೆಂಬ ಕೇಸಿನಲ್ಲಿ ಹೋದ ವರ್ಷ ಅವನನ್ನು ಬಿಡಿಸಿದ್ದು ಬೊಮ್ಮಲಿಂಗಪ್ಪನವರೇ. ಆಕೆ ಕಾಲುಜಾರಿ ಬಿದ್ದಾಗ ಇವನು ಚಳ್ಳಕೆರೆ ಪೇಟೆಯಲ್ಲಿದ್ದ, ಹೆಣ ಮೇಲೆತ್ತಿದ ಮೇಲೆಯೇ ಊರು ಸೇರಿದ ಎಂದು ವಾದಿಸಿ ಗೆದ್ದಿದ್ದರು. ಗೆದ್ದ ಮೇಲೆ ಆ ವಾದವನ್ನು ಎಲ್ಲರಿಗಿಂತ ಹೆಚ್ಚು ಅವರೇ ನಂಬಿದರು. ಎಷ್ಟೆಂದರೆ, ತಮ್ಮ ಹೆಂಡತಿಯ ತಂಗಿ ವಾಣಿಶ್ರೀಯನ್ನು ಅವನಿಗೇ ಕೊಡಬೇಕೆಂದು ಹಟ ಹಿಡಿದಿದ್ದರು.

ಹೆಂಡತಿ ಕಮಲಾಕ್ಷಮ್ಮನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಆದರೆ ಅನುಮಾನಕ್ಕೆ ಆಧಾರ ಕೇಳಿದರೆ ಅವಳ ಬಳಿ ಏನಿತ್ತು? ಕೋರ್ಟೇ ಬಿಟ್ಟವನನ್ನು ಹಿಡಿಯಲು ನೀನ್ಯಾವ ಜಡ್ಜಮ್ಮ ಎಂದು ಗಂಡ ಬಾಯಿ ಮುಚ್ಚಿಸಿದ್ದರು. ಚಂದ್ರಶೇಖರ್ ಬಂದಾಗಿನಿಂದ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ವಿನಯಕ್ಕೆ ಕೊರತೆಯಿರಲಿಲ್ಲ. ಆ ವಿನಯವೇ ಅವಳಿಗೆ ಕಿರಿಕಿರಿ.

ಟೀವಿಯಲ್ಲಿ ಕೊಲೆಯ ದೃಶ್ಯ ಬಂತು. ಹೆಂಗಸೊಬ್ಬಳು ಬಾವಿಯಲ್ಲಿ ಮುಳುಗುತ್ತಾ ಏಳುತ್ತಾ ಕೈ ಬಡಿಯುತ್ತಿದ್ದಳು. ಅದು ಮುಗಿಯುವಂತೆಯೇ ಕಾಣಲಿಲ್ಲ. ಕಮಲಾಕ್ಷಮ್ಮ ಮುಖ ತಿರುಗಿಸಿದಳು. ಚಂದ್ರಶೇಖರ್ ತಿರುಗಿಸಲಿಲ್ಲ.

“ಸುಮ್ನೆ ಎಳೀತಾರೆ ಸಾರ್” ಎಂದ, ಸೀರೆಯ ಅಂಚಿನ ಐಬು ತೋರಿಸುವವನಂತೆ. “ಇಷ್ಟೊತ್ತೆಲ್ಲಾ ಒದ್ದಾಡಲ್ಲ. ಒಂದ್ಸಲ ಮ್ಯಾಕೆ ಬರ್ತಾರೆ, ನಮ್ಮನ್ನ ನೋಡ್ತಾರೆ, ಅಷ್ಟೇ.”

ಬೊಮ್ಮಲಿಂಗಪ್ಪನವರ ನಗು ಅರ್ಧಕ್ಕೇ ನಿಂತಿತು. ಹೆಂಡತಿಯತ್ತ ನೋಡಿ, ಥಟ್ಟನೆ ಟೀವಿಯತ್ತ ತಿರುಗಿದರು. ಅವರಿಗೂ ಕೇಳಿಸಿತ್ತು. ಕಮಲಾಕ್ಷಮ್ಮನಿಗೆ ಮೊದಲು ಭಯವಾಯಿತು, ಆಮೇಲೆ ಗಂಡನ ಮೇಲೆ ಮೈಯೆಲ್ಲಾ ಉರಿಯುವಷ್ಟು ಸಿಟ್ಟು ಬಂತು. ಗೊತ್ತಾದ ಮೇಲೂ ಈ ಮನುಷ್ಯ ಸೋತೆ ಅನ್ನುವವರಲ್ಲ. ಆಗಿದ್ದೂ ಹಾಗೆಯೇ. ಗಂಟಲು ಸರಿಮಾಡಿಕೊಂಡು, ಇವತ್ತೇ ಮಾತು ಮುಗಿಸಿಬಿಡೋಣ, ಸಕ್ಕರೆ ತಾ ಎಂದರು. ಈ ಕಡೆ ಸಂಬಂಧ ಒಪ್ಪಿದರೆ ಗಂಡಿನ ಬಾಯಿಗೆ ಸಕ್ಕರೆ ಹಾಕುತ್ತಾರೆ; ಹಾಕಿದ ಮೇಲೆ ಹಿಂದೆ ಸರಿದರೆ ಹೆಣ್ಣಿಗೇ ಕೆಟ್ಟ ಹೆಸರು.

ವಾಣಿಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಮಲಾಕ್ಷಮ್ಮ ಎದ್ದು ಹೋಗಿ ತಂಗಿಯನ್ನು ಒಳಗೆ ಕಳಿಸಿ, ಬಾಗಿಲೆಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಮನ್ಯಾಗೆ ಸಕ್ಕರೆ ಇಲ್ಲ” ಎಂದಳು.

ಇನ್ನೊಂದು ಸಲ ನೋಡು ಎಂದರು ಗಂಡ. ಅವರ ದನಿಯಲ್ಲಿ ಕೋರ್ಟಿನ ಜೋರಿರಲಿಲ್ಲ.

“ನೋಡೀನ್ರೀ. ಇಲ್ಲ.”

ಚಂದ್ರಶೇಖರ್ ಆಗಷ್ಟೇ ಕುಡಿದಿಟ್ಟ ಟೀ ಲೋಟವನ್ನು ಓರೆಮಾಡಿ ಒಳಗೆ ನೋಡಿದ. ತಳದಲ್ಲಿ ಕರಗದ ಸಕ್ಕರೆ ದಪ್ಪಗೆ ಕೂತಿತ್ತು.