ಎಡಗೈ ಹಿಡಿದ ದಂಪತಿ

ತಾಮ್ರದ ತಗಡಿನ ಮೇಲಿನ ಮಸಿಯನ್ನು ಅಂಗೈಯಿಂದ ಒರೆಸುತ್ತಿದ್ದೆ. ಕೊರೆದ ಗೆರೆಗಳಲ್ಲಿ ಮಾತ್ರ ಮಸಿ ಉಳಿಯಬೇಕು. ಕಿಟಕಿಯ ಬಳಿ ಅಪ್ಪ ಉಳಿ ಮಸೆಯುತ್ತಿದ್ದರು. ಚಳಿಗಾಲ ಕಳೆದ ಮೇಲೆ ನನಗೇ ಕೊರೆಯಲು ಒಂದು ತಗಡು ಕೊಡುವುದಾಗಿ ಅವರು ಮಾತು ಕೊಟ್ಟಿದ್ದರು.

ತಗಡಿನ ಮೇಲಿದ್ದದ್ದು ಹಳೆಯ ರೋಮಿನ ಗಂಡ ಹೆಂಡತಿ. ಯಾರದೋ ಅಮೃತಶಿಲೆಯ ಶವಪೆಟ್ಟಿಗೆಯ ಮೇಲೆ, ಕೆತ್ತನೆಯಲ್ಲಿ, ಒಬ್ಬರ ಬಲಗೈ ಒಬ್ಬರು ಹಿಡಿದು ನಿಂತವರು. ಹಿಡಿದ ಬಲಗೈ ಎಂದರೆ ಕೊಟ್ಟ ಮಾತು. ಈಗಿನ ಮದುವೆಗಳಿಗೂ ಅದೇ ಬೇಕು: ನೆರಳಿಲ್ಲದ ತೆಳು ಗೆರೆಯ ಚಿತ್ರ, ಅತಿಥಿಗಳಿಗೆ ಸಕ್ಕರೆ ಬಾದಾಮಿಯ ಜೊತೆ ಹಂಚಲು.

ವಧುವಿನ ಮನೆಯ ಕಾರುಬಾರಿ ಫುಲ್ಜೆಂಜಿಯೊ ಬಂದವನೇ, ಒಣಗಲು ಹಾಕಿದ್ದ ಮೊದಲ ಪ್ರತಿಯನ್ನು ನೋಡಿ ನಕ್ಕ.

"ಮೇಸ್ತ್ರಿಗಳೇ, ನಮ್ಮ ಧಣಿಗಳ ಮಗಳನ್ನ ಆ ವರ ಕಟ್ಕೊಳ್ತಿರೋದೋ, ಇಟ್ಕೊಳ್ತಿರೋದೋ?"

"ಯಾಕೆ ಸ್ವಾಮಿ?"

"ಕೈ ನೋಡ್ರಿ! ಇಬ್ರೂ ಎಡಗೈ ಕೊಟ್ಟವ್ರೆ!"

ಕಾಗದಕ್ಕೆ ಒತ್ತಿದಾಗ ಬಲ ಎಡವಾಗುತ್ತದೆ. ಅದಕ್ಕೇ ಮೂಲಚಿತ್ರವನ್ನು ಕನ್ನಡಿಯಲ್ಲಿ ನೋಡಿಕೊಂಡು ಕೊರೆಯುವುದು. ಅಪ್ಪ ಈ ತಗಡು ಕೊರೆದ ವಾರವೆಲ್ಲ ಅವರ ಕನ್ನಡಿ ಗೋಡೆಗೆ ಮುಖ ಮಾಡಿತ್ತು. ಅದರಲ್ಲಿ ಈಗ ಅವರಿಗೆ ಗೆರೆ ಕಾಣುವುದಿಲ್ಲ. ನನಗೆ ಗೊತ್ತಿತ್ತು, ಕಣ್ಣಿನ ಮಾತೆತ್ತಲು ಧೈರ್ಯ ಸಾಲಲಿಲ್ಲ.

ಅಪ್ಪ ನನ್ನತ್ತ ತಿರುಗಿದರು. "ಹುಡುಗಿ ಕೆಲ್ಸ ಸ್ವಾಮಿ. ಇವಳ ಕೈಗೆ ಕೊಟ್ಟಿದ್ದೆ."

ತಪ್ಪು ನನ್ನದೇ ಎಂಬಂತೆ ನನ್ನ ಮುಖ ಬಿಸಿಯಾಯಿತು.

"ಸ್ಕೂಲ್ ಬಿಡಿಸಿ ಇದನ್ನೇನಾ ಕಲಿಸಿದ್ದು?" ಎಂದ ಫುಲ್ಜೆಂಜಿಯೊ. "ಹೊಸದು ಮಾಡಿ. ಆದ್ರೆ ಇವಳು ಈ ಮೇಜಿನ ಹತ್ರ ಕಂಡ್ಲೋ, ನಮ್ಮ ಕೆಲ್ಸ ಬೇರೆಯವರಿಗೆ. ಸೌಟು ಕೊಟ್ಟು ಕೂರಿಸಿ."

"ಆಗ್ಲಿ ಸ್ವಾಮಿ," ಎಂದರು ಅಪ್ಪ.

ಮಧ್ಯಾಹ್ನ ಅಪ್ಪ ತಮಗೆ ಪ್ರಾಣವಾದ ಕರಿದ ಆರ್ಟಿಚೋಕ್ ಮೊಗ್ಗನ್ನು ಮುಟ್ಟದೆ ನನ್ನ ತಟ್ಟೆಗೆ ಸರಿಸಿದರು. ಮುಖ ನೋಡಲಿಲ್ಲ. ಆಮೇಲೆ ನನ್ನ ಸ್ಟೂಲನ್ನು ತಾವೇ ಎತ್ತಿಕೊಂಡು ಹೋಗಿ ಅಡುಗೆಮನೆಯ ಒಲೆಯ ಪಕ್ಕ ಇಟ್ಟರು. ಅಂಗಿಯ ತೋಳಿನಿಂದ ಅದರ ಧೂಳು ಒರೆಸಿದರು, ಮತ್ತೆ ಒರೆಸಿದರು.

"ಇಲ್ಲಿ ಬೆಚ್ಚಗಿರತ್ತೆ, ನುಂಜಿಯಾ."

"ಅಪ್ಪಾ, ಆ ಧಣಿಗಳ ಮನೆಗೆ ಹೋಗಿ, ಕೊರೆದದ್ದು ನಾನಲ್ಲ ಅಂತ ನಿಜ ಹೇಳಿ."

ಅವರು ಕಿಟಕಿಯ ಬಳಿಗೆ ನಡೆದು, ಮೇಜು ತಡವುತ್ತ ಉಳಿ ಹುಡುಕಿದರು. ಅದು ಅವರ ಕೈಯ ಪಕ್ಕದಲ್ಲೇ ಇತ್ತು.

"ಅಪ್ಪಾ, ಹೋಗಿ ಹೇಳಿ."