ಏನಿಲ್ಲ ಬಿಡಿ

ಜೈಬುನ್ನೀಸಾಳ ಬಾಯಿಂದ ‘ಏನಿಲ್ಲ ಬಿಡಿ’ ಎಂಬ ಮಾತು ಬಂದದ್ದನ್ನು ನಾವು ಯಾರೂ ಕೇಳಿರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಸೀರೆ ಕಾರ್ಖಾನೆಯಲ್ಲಿ ಹನ್ನೆರಡು ಮಗ್ಗಗಳು ಒಟ್ಟಿಗೆ ಬಡಿಯುವಾಗ, ‘ಏನಂದ್ರಿ?’ ಎಂದು ಎರಡನೆಯ ಸಲ ಕೇಳಿದವರಿಗೆ ಸಿಗುತ್ತಿದ್ದ ಉತ್ತರ ಅದೊಂದೇ. ಈಕೆ ಮಾತ್ರ, ಸೂಪರ್‌ವೈಸರ್ ಆಗಿ ಬಂದ ಮೊದಲ ದಿನದಿಂದ, ಚೂಡಿದಾರದ ಮೇಲೆ ತೊಟ್ಟ ಗಂಡನ ಹಳೆಯ ಖಾಕಿ ಅಂಗಿಯ ತೋಳು ಮಡಚುತ್ತ, ಚಪ್ಪಲಿ ಎಳೆದುಕೊಂಡು ಸುತ್ತಿ ಬಂದು, ಎದುರಿಗೆ ನಿಂತು, ಹೆಸರು ಹಿಡಿದು ಕರೆದು, ಕಣ್ಣು ತನ್ನತ್ತ ತಿರುಗಿದ ಮೇಲಷ್ಟೇ ಮಾತು ಆರಂಭಿಸುತ್ತಿದ್ದಳು. ಮೂರು ಸಲ ಕೇಳಿದರೆ ಮೂರು ಸಲವೂ ಪೂರ್ತಿ ಹೇಳುತ್ತಿದ್ದಳು. ಲಾಳಿಯ ಕಂಡಿಕೆಗೆ ನೂಲು ಸುತ್ತುವ ಲಕ್ಕಮ್ಮ ಆಕೆಯನ್ನು ಹಾಡಿ ಹೊಗಳುತ್ತಿದ್ದಳು. ನನಗೆ ಮಾತ್ರ ಅಷ್ಟೊಂದು ತಾಳ್ಮೆ ಸಹಜವೆನಿಸಲಿಲ್ಲ.

ಕಾರಣವಿತ್ತು. ಮೂವತ್ತು ವರ್ಷ ಮಗ್ಗಗಳ ರಿಪೇರಿ ಮಾಡಿ ಮಾಡಿ ನನ್ನ ಎಡಗಿವಿ ಸತ್ತುಹೋಗಿತ್ತು. ಮಗ್ಗದ ದೋಷವನ್ನು ಸದ್ದಿನಲ್ಲೇ ಹಿಡಿಯಬೇಕು, ಕಿವಿ ಮಂದವಾದವರು ಶೆಡ್ಡಿಗೆ ಬೇಡ ಎನ್ನುವುದು ಮಾಲೀಕ ರವಿಶಂಕರರ ಕಟ್ಟಪ್ಪಣೆ. ಹೀಗಾಗಿ ವಿಷಯ ಬಚ್ಚಿಟ್ಟುಕೊಂಡೇ ದಿನ ದೂಡುತ್ತಿದ್ದೆ. ಅಂಥದ್ದರಲ್ಲಿ ಈಕೆ ಪ್ರತಿಸಲವೂ ನನ್ನ ಬಲಗಡೆಗೇ ಬಂದು ನಿಲ್ಲುವುದೇಕೆ? ನನ್ನನ್ನು ಪರೀಕ್ಷಿಸುತ್ತಿದ್ದಾಳೆ, ಇವತ್ತಲ್ಲ ನಾಳೆ ಮಾಲೀಕರಿಗೆ ವರದಿ ಒಪ್ಪಿಸುತ್ತಾಳೆ ಎಂದು ನಿಶ್ಚಯಿಸಿಕೊಂಡೆ.

ಒಂದು ಬೆಳಿಗ್ಗೆ ರವಿಶಂಕರರು ಬಂದು ನನ್ನ ಎಡಕ್ಕೆ ನಿಂತು ಏನೋ ಹೇಳಿದರು. ನಾನು ಸುಮ್ಮನೆ ತಲೆಯಾಡಿಸಿದೆ. ಬಲಕ್ಕಿದ್ದ ಜೈಬುನ್ನೀಸಾ, “ಸರ್, ನಂಗೆ ಕೇಳಿಸ್ಲಿಲ್ಲ. ಈ ಕಡೆ ಬಂದು ಇನ್ನೊಂದ್ಸಲ ಹೇಳ್ತೀರಾ?” ಎಂದಳು. ಅವರು ಹುಬ್ಬು ಗಂಟಿಕ್ಕಿ ಇತ್ತ ಬಂದು ಕೂಗಿ ಹೇಳಿದರು: ಮೂರನೇ ಮಗ್ಗವನ್ನು ಮಧ್ಯಾಹ್ನದೊಳಗೆ ಬಿಚ್ಚಿ ನೋಡಬೇಕಂತೆ. ಅದೇ ವಾರ ಮತ್ತೆರಡು ಸಲ ಹೀಗೇ ಆಯಿತು. ಕಿವುಡಿ ಇವಳೇ ಎಂದು ನಾನು ಒಳಗೊಳಗೇ ಹಿಗ್ಗಿದೆ. ನನ್ನ ಗುಟ್ಟನ್ನು ಅವಳು ಹೇಳುವ ಮೊದಲು ಅವಳದನ್ನು ನಾನೇ ಹೇಳಿಬಿಡೋಣವೆಂದು ಹೋಗಿ ಮಾಲೀಕರ ಕಿವಿ ಊದಿದೆ.

ಅವರು ನನ್ನೆದುರಿಗೇ ಆಕೆಯನ್ನು ಕರೆಸಿದರು. “ಏನಮ್ಮಾ, ನಿಂಗೆ ಕಿವಿ ಕೇಳಿಸಲ್ವಂತೆ?”

ಆಕೆ ನನ್ನ ಮುಖವನ್ನೊಮ್ಮೆ ನೋಡಿದಳು. “ಹೌದು ಸರ್, ಸ್ವಲ್ಪ ಮಂದ. ದಿನದ ಕೆಲಸಾನ ಬೋರ್ಡ್ ಮೇಲೆ ಬರೆಸ್ಬಿಡಿ ಸರ್, ಎಲ್ರಿಗೂ ಅನುಕೂಲ ಆಗುತ್ತೆ.”

ಬೋರ್ಡು ಬಂತು. ಆಕೆಯನ್ನು ಸೀರೆ ಮಡಿಸುವ ಕೋಣೆಗೆ ಹಾಕಿದರು.

ಮೂರನೆಯ ದಿನ ಗೋಡೆಯಾಚೆಯ ಆ ಕೋಣೆಯಿಂದ ಚಪ್ಪಲಿ ಎಳೆಯುತ್ತ ಬಂದು, ಸುತ್ತಿ ಎದುರಿಗೆ ನಿಂತಳು. “ಅಪ್ಪಯ್ಯಣ್ಣ, ಏಳನೇ ಮಗ್ಗದ ಲಾಳಿ ಸದ್ದು ಸರಿಯಿಲ್ಲ, ನಿಲ್ಸಿ.” ನಿಲ್ಲಿಸಿ ನೋಡಿದರೆ ಲಾಳಿ ಸೀಳುಬಿಟ್ಟಿತ್ತು. ಮಗ್ಗದ ಪಕ್ಕದಲ್ಲೇ ನಿಂತಿದ್ದ ನನಗೆ ಗೊತ್ತೇ ಆಗಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

“ಮತ್ತೆ ಅವತ್ತು ಕಿವಿ ಮಂದ ಅಂತ ಯಾಕಮ್ಮಾ ಅಂದೆ?”

ನನ್ನ ಬಲಗಿವಿಯ ಹತ್ತಿರ ಬಂದು ನಿಧಾನವಾಗಿ ಹೇಳಿದಳು: “ಏನಿಲ್ಲ ಬಿಡಿ ಅಣ್ಣ.”

ಆಕೆ ಯಾವತ್ತಾದರೂ ಬಾಯಿಬಿಟ್ಟಾಳೆಂಬ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ. ಇಂಥವರು ಇನ್ನೊಬ್ಬರ ಊನವನ್ನು ತಮ್ಮ ಹೆಸರಿಗೆ ಬರೆಸಿಕೊಂಡು ಸುಮ್ಮನಾಗುತ್ತಾರೆ. ಅದು ನಮ್ಮದೆಂದು ಹೇಳಿ ಬಿಡಿಸಿಕೊಡುವ ಎದೆ ನಮ್ಮಂಥವರಿಗೆ ಇರುವುದಿಲ್ಲ. ಮಾಲೀಕರ ಬಾಗಿಲು ಇಲ್ಲಿಂದ ಹತ್ತೇ ಹೆಜ್ಜೆ. ನಾನಿನ್ನೂ ಹೋಗಿಲ್ಲ.